ಹದಿನೆಂಟು ಮೆಟ್ಟಿಲು, ಒಂದು ಪೂರ್ಣವಿರಾಮ

ನಾನು ಸಿಡುಕಿ ಎಂಬ ಸಂಗತಿ ನನಗೆ ಗೊತ್ತಾದದ್ದು ನಲವತ್ತೇಳನೇ ವಯಸ್ಸಿನಲ್ಲಿ, ಕೊಡಿಗೇಹಳ್ಳಿಯ ಒಂದು ನೀರಿನ ಸಂಪಿನ ಪಕ್ಕ ನಿಂತಿದ್ದಾಗ. ಹೇಳಿದವಳು ನಮ್ಮ ಮನೆ ಮಾಲಕಿಯ ಸೊಸೆ ಲತಾ. ಗದಗ ಬಿಟ್ಟು ಬೆಂಗಳೂರಿಗೆ ಬಂದು ಆಗ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ.

"ಆಂಟಿ, ಒಂದ್ ಮಾತ್ ಕೇಳ್ಲಾ? ಬೇಜಾರ್ ಮಾಡ್ಕೋಬಾರ್ದು. ನಿಮಗೆ ನಮ್ ಮೇಲೆ ಏನಾದ್ರೂ ಕೋಪನಾ?"

"ಇಲ್ಲಲ್ಲವಾ! ಯಾಕ?"

"ಮತ್ತೆ ಎಲ್ಲಾ ಮೆಸೇಜಿಗೂ ಕೊನೇಲಿ ಚುಕ್ಕಿ ಇಡ್ತೀರಲ್ಲ. ಬಾಗ್ಲು ದಡಾರ್ ಅಂತ ಹಾಕ್ಕೊಂಡಂಗಿರುತ್ತೆ."

ಅವಳು ತನ್ನ ಫೋನ್ ತೆಗೆದು ತೋರಿಸಿದಳು. ಆ ದಿನ ಬೆಳಿಗ್ಗೆ ನಾನೇ ಬರೆದದ್ದು: "ಮೇಲೆ ನೀರು ಬಂದಿಲ್ಲ." ನಾನು ಕನ್ನಡಕ ಏರಿಸಿಕೊಂಡು ಎರಡೆರಡು ಸಲ ಓದಿದೆ. ಕಾಗುಣಿತ ನೆಟ್ಟಗಿತ್ತು. ಹೇಳಬೇಕಾದದ್ದನ್ನು ಹೇಳಿ ಮುಗಿಸಿದ್ದೆ, ಮುಗಿದದ್ದಕ್ಕೆ ಚುಕ್ಕಿ ಇತ್ತು. ಇದರಲ್ಲಿ ಸಿಟ್ಟು ಎಲ್ಲಿ ಕೂತಿದೆ ಅಂತ ನನಗೆ ಕಾಣಲೇ ಇಲ್ಲ.

"ಅಲ್ಲವಾ, ವಾಕ್ಯ ಮುಗದ ಮ್ಯಾಲೆ ಚುಕ್ಕಿ ಇಡಬೇಕಲ್ಲ?"

"ಮೆಸೇಜಲ್ಲಿ ಯಾರಿಡ್ತಾರೆ ಆಂಟಿ? ಕಳ್ಸಿದ್ರೆ ಮುಗೀತು!"

ನನಗೆ ಒಳಗೊಳಗೇ ರೇಗಿತು. ಇಪ್ಪತ್ತೆರಡು ವರ್ಷ ಗದಗಿನ ಪ್ರೆಸ್ಸಿನಲ್ಲಿ ಕೂತು ಬೇರೆಯವರು ಬಿಟ್ಟ ಚುಕ್ಕಿಗಳನ್ನು ಕೆಂಪು ಶಾಯಿಯಲ್ಲಿ ಇಟ್ಟು ಅನ್ನ ತಿಂದವಳು ನಾನು. ಈ ಹುಡುಗಿ ನನಗೆ ಚುಕ್ಕಿಯ ಪಾಠ ಹೇಳುವುದೇ! "ನನಗ ಹಂಗ ಬರಿಯಾಕ ಬರಂಗಿಲ್ಲವಾ" ಅಂದು ಬಿಂದಿಗೆ ಎತ್ತಿಕೊಂಡು ಮೆಟ್ಟಿಲು ಹತ್ತಿದೆ. ಸಿಡುಕಿಯ ಹಾಗೆಯೇ ಹತ್ತಿದೆ ಅಂತ ಈಗ ಅನ್ನಿಸುತ್ತದೆ.

ನಮ್ಮ ಕಡೆಯವರಿಗೆ ಇದನ್ನೆಲ್ಲ ಸ್ವಲ್ಪ ಬಿಡಿಸಿ ಹೇಳಬೇಕು. ಗದಗಿನ ಪ್ರೆಸ್ಸು ಮುಚ್ಚಿದ ಮೇಲೆ ಯಶವಂತಪುರದಲ್ಲಿ ಶಾಲಾ ಪುಸ್ತಕಗಳನ್ನು ಅಚ್ಚು ಮಾಡುವ ಒಂದು ಕಡೆ ನನಗೆ ಕರಡು ತಿದ್ದುವ ಕೆಲಸ ಸಿಕ್ಕಿತು. ಮದುವೆಯಾಗಿಲ್ಲ, ಇರುವ ಒಬ್ಬಳೇ ಅಕ್ಕ ಸುಮಿತ್ರಾ ಗದಗಿನಲ್ಲೇ ಗಂಡ ಮಕ್ಕಳ ಜೊತೆ ಇದ್ದಾಳೆ. ಹಾಗಾಗಿ ಎರಡು ಟ್ರಂಕು, ಒಂದು ರೊಟ್ಟಿ ಹಂಚು ಕಟ್ಟಿಕೊಂಡು ಒಬ್ಬಳೇ ಬಂದೆ. ಮನೆ ಹುಡುಕುವಾಗ ಈ ಊರು ನನಗೆ ಕೇಳಿದ ಮೊದಲ ಪ್ರಶ್ನೆ "ಒಬ್ರೇನಾ?" ಹೆಬ್ಬಾಳದಲ್ಲಿ ಕೇಳಿದರು, ಕೆಂಪಾಪುರದಲ್ಲಿ ಕೇಳಿದರು, ಆರ್.ಟಿ. ನಗರದಲ್ಲಿ ಗೇಟನ್ನೂ ತೆರೆಯದೆ ಕೇಳಿದರು. ಹೌದು ಅಂದ ಕೂಡಲೇ ಮನೆ ಆಗಲೇ ಯಾರಿಗೋ ಕೊಟ್ಟಾಗಿರುತ್ತಿತ್ತು.

ಕೊಡಿಗೇಹಳ್ಳಿಯ ಗೌರಮ್ಮ ಮಾತ್ರ ಬೇರೆ ಕೇಳಿದರು. ಅರವತ್ತು ದಾಟಿದ ಹೆಂಗಸು, ಊರು ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದ ಮನೆತನ. ಸುತ್ತ ನಾಲ್ಕು ಮಹಡಿ ಕಟ್ಟಡಗಳು ಎದ್ದು ನಿಂತರೂ ಅಂಗಳದಲ್ಲಿ ಒಂದು ಹಸು ಉಳಿಸಿಕೊಂಡಿದ್ದರು. ಅದರ ಮುಂದೆ ಹುಲ್ಲು ಹಾಕುತ್ತಲೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮುದ್ದೆ ಉಣ್ತೀರಾ?" ಅಂದರು. ಕಲಿಯುತ್ತೇನೆ ಅಂದೆ. "ಅಂಗಾದ್ರೆ ಇರಿ, ಓಗಿ ಸಾಮಾನ್ ತಗಂಬನ್ನಿ" ಅಂದರು. ಮಹಡಿಯ ಮೇಲಿನ ಒಂದು ಕೋಣೆ, ಒಂದು ಅಡುಗೆಮನೆ ನನ್ನದಾಯಿತು. ಅವರ ಅಂಗಳಕ್ಕೂ ನನ್ನ ಬಾಗಿಲಿಗೂ ನಡುವೆ ಹದಿನೆಂಟು ಮೆಟ್ಟಿಲು.

ಆ ಹದಿನೆಂಟು ಮೆಟ್ಟಿಲಿಗೂ ಇಲ್ಲಿ ಮೆಸೇಜ್ ಬೇಕು. ಗದಗಿನಲ್ಲಾದರೆ ಮಹಡಿಯ ಕಟಾಂಜನದ ಕಂಬಿಗೆ ಆತುಕೊಂಡು ಒಂದು ಕೂಗು ಹಾಕಿದರೆ ಓಣಿಗೆಲ್ಲ ಸುದ್ದಿ ಮುಟ್ಟುತ್ತದೆ. ನಾನು ಮೊದಲ ವಾರ ಹಾಗೆ ಕೂಗಿದ್ದಕ್ಕೆ ಲತಾ ಏನೋ ಅನಾಹುತವಾಯಿತೆಂದು ಓಡಿ ಬಂದಿದ್ದಳು. ನಮ್ಮ ಮಾತೇ ಇವರ ಕಿವಿಗೆ ಸ್ವಲ್ಪ ಜೋರು. ಹಾಗಾಗಿ ಬರೆಯುವುದಾದರೂ ಅಚ್ಚುಕಟ್ಟಾಗಿರಲಿ ಅಂತ ಗ್ರಾಂಥಿಕವಾಗಿ ಬರೆಯತೊಡಗಿದೆ. "ಮೋಟರ್ ನಿಲ್ಲಿಸಿ." "ಪಾತ್ರೆ ಮೆಟ್ಟಿಲ ಮೇಲಿದೆ." "ಇಂದು ಬರುವುದು ತಡವಾಗುತ್ತದೆ."

ಲತಾಳ ಮೆಸೇಜುಗಳೇ ಬೇರೆ ಜಾತಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ನಡುನಡುವೆ ಮೂರು ಚುಕ್ಕಿ, ಕೆಲವೊಮ್ಮೆ ಐದು. "ಆಂಟಿ... ಊಟ ಆಯ್ತಾ..." ಅಂತ ಬರುತ್ತಿತ್ತು. ಮೊದಮೊದಲು ಮಾತು ಅರ್ಧಕ್ಕೆ ಬಿಟ್ಟಿದ್ದಾಳೆ, ಮುಂದಿನದು ಬರುತ್ತದೆ ಅಂತ ಫೋನ್ ಹಿಡಿದು ಕಾಯುತ್ತಿದ್ದೆ. ಖುಷಿಯಾದರೆ ಒಂದರ ಹಿಂದೆ ಒಂದು ಮೂರು ಆಶ್ಚರ್ಯಸೂಚಕ. ನಮ್ಮ ಪ್ರೆಸ್ಸಿನಲ್ಲಿ ಒಂದು ಇಡೀ ಕಾದಂಬರಿಗೆ ಖರ್ಚಾಗುವಷ್ಟನ್ನು ಅವಳು ಒಂದು ಹೋಳಿಗೆ ಸುದ್ದಿಗೆ ಸುರಿಯುತ್ತಿದ್ದಳು.

ಗೌರಮ್ಮನವರಿಗೆ ಓದಲು ಬಾರದು. ನನ್ನ ಮೆಸೇಜ್ ಬಂದರೆ ಲತಾ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಇದು ನನಗೆ ಗೊತ್ತಿತ್ತು, ಆದರೆ ಅದರ ಬಗ್ಗೆ ಎಂದೂ ಯೋಚಿಸಿರಲಿಲ್ಲ.

ಎದುರಾಬದುರು ಸಿಕ್ಕಾಗ ಗೌರಮ್ಮ ಮತ್ತು ನಾನು ಚೆನ್ನಾಗಿಯೇ ಇದ್ದೆವು. ನಮ್ಮಿಬ್ಬರ ನಡುವೆ ಒಂದು ಸ್ಟೀಲ್ ಡಬರಿ, ಅಂದರೆ ಅಗಲ ಬಾಯಿಯ ಗಿಡ್ಡ ಪಾತ್ರೆ, ಮೇಲಕ್ಕೂ ಕೆಳಕ್ಕೂ ಓಡಾಡುತ್ತಿತ್ತು. ಅದರಲ್ಲಿ ಸೊಪ್ಪಿನ ಬಸ್ಸಾರು ಬರುತ್ತಿತ್ತು, ಚಳಿಗಾಲ ಬಂತೆಂದರೆ ಹಿತಕಿದ ಬೇಳೆ ಸಾರು. ಅವರೆಕಾಳನ್ನು ನೆನೆಹಾಕಿ ಒಂದೊಂದಾಗಿ ಹಿಸುಕಿ ಸಿಪ್ಪೆ ಬಿಡಿಸುವ ಆ ಕೆಲಸವನ್ನು ಅತ್ತೆ ಸೊಸೆ ಜಗಲಿಯಲ್ಲಿ ಕೂತು ಮಾಡುವುದನ್ನು ನೋಡಿದರೆ ಆ ಸಾರನ್ನು ಚೆಲ್ಲುವ ಮನಸ್ಸು ಯಾರಿಗೂ ಬಾರದು. ಕೊಟ್ಟವರ ಪಾತ್ರೆಯನ್ನು ಬರಿದಾಗಿ ತಿರುಗಿಸಬಾರದು ಅನ್ನುವುದು ಅವರಲ್ಲೂ ಇದೆ, ನಮ್ಮಲ್ಲೂ ಇದೆ. ನಾನು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಾಕಿ ಕೊಡುತ್ತಿದ್ದೆ, ಗುರೆಳ್ಳು ಹಿಂಡಿ ಹಾಕುತ್ತಿದ್ದೆ, ಏನೂ ಇಲ್ಲದ ದಿನ ಎರಡು ಚಮಚ ಸಕ್ಕರೆ. ಜೋಳದ ರೊಟ್ಟಿ ಕಳಿಸಿದ ದಿನ "ಅಪ್ಳ ಕಳ್ಸಿದ್ರಾ?" ಅಂತ ಗೌರಮ್ಮ ಕೇಳಿದ್ದೂ ಉಂಟು.

ಇನ್ನೊಂದು ವಿಷಯ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಕರಡು ತಿದ್ದುವವರಿಗೆ ಒಂದು ಪದ ಇದೆ. ಮೊದಲ ಕರಡು, ಎರಡನೇ ಕರಡು, ಮೂರನೆಯದು, ಎಲ್ಲ ತಿದ್ದಿ ಇನ್ನು ಒಂದು ತಪ್ಪೂ ಉಳಿದಿಲ್ಲ ಅನ್ನಿಸಿದಾಗ ಹಾಳೆಯ ತುದಿಯಲ್ಲಿ ಕೆಂಪು ಶಾಯಿಯಲ್ಲಿ "ಸರಿ." ಅಂತ ಬರೆದು ಸಹಿ ಹಾಕುತ್ತೇವೆ. ಆಮೇಲೆ ಅದನ್ನು ಯಾರೂ ಓದುವುದಿಲ್ಲ, ನೇರವಾಗಿ ಯಂತ್ರಕ್ಕೆ. ಗದಗಿನ ಪ್ರೆಸ್ಸಿನ ಸಾವಕಾರರು ಯಂತ್ರದ ಹತ್ತಿರ ನಿಂತು "ಶಾಂತಾ, ಸರಿ ಅಂದಿಯೇನು?" ಅಂತ ಕೂಗುತ್ತಿದ್ದರು. ಅಂದೆ ಅಂದರೆ ಮುಗಿಯಿತು, ಮುಂದೆ ಏನಾದರೂ ಅದು ನನ್ನ ತಲೆಯ ಮೇಲೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಆ ಪದವನ್ನು ಒಮ್ಮೆಯೂ ಹಗುರವಾಗಿ ಬರೆದಿಲ್ಲ.

ಆ ವರ್ಷ ಅವರೆಕಾಯಿ ಕಾಲದಲ್ಲೇ ಗೌರಮ್ಮನವರಿಗೆ ಹೊಟ್ಟೆನೋವು ಶುರುವಾಯಿತು. ಪಿತ್ತಕೋಶದಲ್ಲಿ ಕಲ್ಲು ಅಂದರು. ಒಂದು ದಿನ ಮಧ್ಯಾಹ್ನ ನಾನು ಯಶವಂತಪುರದಲ್ಲಿ ಮೇಜಿನ ಮುಂದೆ, ಕೈಯಲ್ಲಿ ಕೆಂಪು ಪೆನ್ನು ಹಿಡಿದು ಕೂತಿದ್ದಾಗ ಲತಾಳ ಮೆಸೇಜ್ ಬಂತು. "ಆಂಟಿ... ಅತ್ತೆಗೆ ನಾಳೆ ಬೆಳಿಗ್ಗೆ ಆಪರೇಷನ್ ಅಂತೆ... ನಾವೆಲ್ಲ ಆಸ್ಪತ್ರೇಲೇ ಇರ್ತೀವಿ... ತುಂಬಾ ಭಯ ಆಗ್ತಿದೆ... ಮನೆ ಕಡೆ ಸ್ವಲ್ಪ ನೋಡ್ಕೋತೀರಾ..."

ಈ ಊರಿನಲ್ಲಿ ನನ್ನನ್ನು "ಒಬ್ರೇನಾ?" ಅಂತ ಕೇಳದ ಒಂದೇ ಜೀವ ಅದು. ನಾನು ಬರೆದೆ: "ಸರಿ."

ಬರೆದು ಎದ್ದು ಹೋಗಿ ನಾಲ್ಕು ದಿನದ ರಜೆ ಕೇಳಿದೆ. ಎರಡು ಬಸ್ಸು ಬದಲಿಸಿ ಮನೆಗೆ ಬಂದಾಗ ಕೆಳಗೆ ಯಾರೂ ಇರಲಿಲ್ಲ, ಎಲ್ಲರೂ ಆಸ್ಪತ್ರೆಯಲ್ಲಿದ್ದರು. ನಾಲ್ಕು ದಿನ ಮನೆ ಬಿಟ್ಟು ಕದಲಲಿಲ್ಲ. ಹಾಲು ಕರೆಯಲು ನಂಜಪ್ಪ ಅನ್ನುವವರು ಎರಡು ಹೊತ್ತು ಬಂದು ಹೋಗುತ್ತಿದ್ದರು. ಹುಲ್ಲು, ನೀರು, ಸಗಣಿ, ಅಂಗಳ, ತುಳಸಿ ಮುಂದಿನ ದೀಪ ಎಲ್ಲ ನಾನು ನೋಡಿಕೊಂಡೆ. ಮೂರನೇ ದಿನ ಹಸು ಹಗ್ಗ ಬಿಚ್ಚಿಕೊಂಡು ಗೇಟಿನವರೆಗೆ ಹೋಗಿತ್ತು. ಬೈದು, ಬೇಡಿಕೊಂಡು ಎಳೆದು ತಂದು ಮತ್ತೆ ಕಟ್ಟಿದೆ. ಆಸ್ಪತ್ರೆಯಲ್ಲಿ ಇರುವವರಿಗೆ ಮೇಲಿಂದ ಮೇಲೆ ಫೋನ್ ಮಾಡಿ ಪೀಡಿಸಬಾರದು ಅಂತ ಒಂದೇ ಒಂದು ಸಲ ಬರೆದೆ: "ಶಸ್ತ್ರಚಿಕಿತ್ಸೆ ಆಯಿತೇ?" "ಹ್ಞೂಂ" ಅಂತ ಬಂತು. ಒಂದು ಚುಕ್ಕಿಯೂ ಇಲ್ಲದ ಲತಾಳ ಮೆಸೇಜನ್ನು ನಾನು ನೋಡಿದ್ದು ಅದೇ ಮೊದಲು. ಆತಂಕದಲ್ಲಿ ಇರುತ್ತಾಳೆ ಅಂದುಕೊಂಡೆ.

ಐದನೇ ದಿನ ನಾನು ಕೆಲಸಕ್ಕೆ ಹೋಗಿದ್ದಾಗ ಗೌರಮ್ಮ ಮನೆಗೆ ಬಂದರು. ಸಂಜೆ ನೋಡಲು ಹೋದರೆ ಮಲಗಿದ್ದಾರೆ ಅಂತ ಲತಾ ಬಾಗಿಲಲ್ಲೇ ಹೇಳಿದಳು. ಮಾರನೇ ದಿನವೂ ಮಲಗಿದ್ದರು. ಅದರ ಮಾರನೇ ದಿನ ನಾನೇ ಹೋಗುವುದನ್ನು ಬಿಟ್ಟೆ. ನನ್ನ ಹತ್ತಿರ ಉಳಿದಿದ್ದ ಅವರ ಡಬರಿ ಕಟ್ಟೆಯ ಮೇಲೆ ಬೋರಲು ಬಿದ್ದಿತ್ತು. ಎರಡು ವಾರವಾಯಿತು, ಕೆಳಗಿನಿಂದ ಏನೂ ಬರಲಿಲ್ಲ. ಮೆಟ್ಟಿಲ ಮೇಲೆ ಎದುರಾದರೆ ಗೌರಮ್ಮನ ಮಗ ತಲೆ ತಗ್ಗಿಸಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದ.

ಆಮೇಲೆ ಲತಾಳ ಮೆಸೇಜ್ ಬಂತು. "ಆಂಟಿ ಬರೋ ತಿಂಗ್ಳು ಅಗ್ರಿಮೆಂಟ್ ಮುಗಿಯುತ್ತೆ ಮನೆ ನಮ್ ಸಂಬಂಧಿಕರಿಗೆ ಬೇಕಂತೆ ನೀವು ಬೇರೆ ನೋಡ್ಕೊಳಿ"

ಅಲ್ಪವಿರಾಮ ಇಲ್ಲ, ಪೂರ್ಣವಿರಾಮ ಇಲ್ಲ, ಮೂರು ಚುಕ್ಕಿ ಇಲ್ಲ. ನಾನು ಫೋನ್ ಹಿಡಿದುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಮತ್ತೆ ಗೇಟುಗಳ ಮುಂದೆ ನಿಲ್ಲಬೇಕು, ಮತ್ತೆ "ಒಬ್ರೇನಾ?" ಕೇಳಿಸಿಕೊಳ್ಳಬೇಕು. ಅದಕ್ಕಿಂತ ಹೆಚ್ಚಾಗಿ, ಕೆಳಗೆ ಮಲಗಿರುವ ಹೆಂಗಸಿಗೆ ನಾನು ಬೇಡವಾದೆ ಅನ್ನುವುದು ತಡೆಯಲಾಗಲಿಲ್ಲ. ಏನೇನೋ ಬರೆದೆ, ಅಳಿಸಿದೆ. ಬರೆದದ್ದೆಲ್ಲ ಅರ್ಜಿಯ ಹಾಗೆ ಕಾಣುತ್ತಿತ್ತು. ಅಭ್ಯಾಸಬಲದಿಂದ ಬೆರಳು "ಸರಿ." ಅಂತ ಒತ್ತಿತು. ಕಳಿಸುವ ಮುಂಚೆ ಅದನ್ನು ನೋಡಿದೆ. ಅದರ ಸ್ವಲ್ಪ ಮೇಲೆಯೇ, ಮೂರು ವಾರ ಹಿಂದಿನ ಅದೇ "ಸರಿ." ಕೂತಿತ್ತು. "ತುಂಬಾ ಭಯ ಆಗ್ತಿದೆ..." ಅನ್ನುವುದರ ಕೆಳಗೆ, ಒಂಟಿಯಾಗಿ.

ಆಗ ಮೊದಲ ಸಲ ಅದನ್ನು ಲತಾಳ ಕಣ್ಣಿನಿಂದ ಓದಿದೆ.

ಅಳಿಸಿ ಎದ್ದೆ. ಡಬರಿ ತೊಳೆದು ಒರೆಸಿ, ಅಕ್ಕ ಕಳಿಸಿದ್ದ ಶೇಂಗಾ ಹಿಂಡಿ ತುಂಬಿದೆ. ಟ್ರಂಕಿನ ತಳದಲ್ಲಿದ್ದ ಗದಗಿನ ಹಳೆಯ ಕರಡಿನ ಹಾಳೆಗಳಲ್ಲಿ ಒಂದನ್ನು ತೆಗೆದುಕೊಂಡು ಹದಿನೆಂಟು ಮೆಟ್ಟಿಲು ಇಳಿದೆ. ಭಾನುವಾರದ ಬೆಳಗು. ಗೌರಮ್ಮ ಜಗಲಿಯಲ್ಲಿ ಶಾಲು ಹೊದ್ದು ಬಿಸಿಲು ಕಾಯಿಸುತ್ತಿದ್ದರು, ಬಹಳ ಸೊರಗಿದ್ದರು. ಲತಾ ಪಕ್ಕದಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದಳು.

ನಾನು ಡಬರಿ ಇಟ್ಟು ನೆಲದ ಮೇಲೆ ಕೂತೆ. "ಗೌರಮ್ಮಾರ, ಮನಿ ಬಿಡ್ತೀನ್ರಿ. ಆದ್ರ ಏನ್ ತಪ್ಪಾತು ಅಂತ ನಿಮ್ಮ ಬಾಯಿಂದ ಕೇಳಿ ಹೋಗ್ತೀನಿ" ಅಂದೆ.

ಲತಾ ಸಿಡಿದಳು. "ಏನ್ ತಪ್ಪು ಅಂತೀರಲ್ಲ ಆಂಟಿ? ಅವತ್ತು ನಾನು ಆಸ್ಪತ್ರೆ ಕಾರಿಡಾರಲ್ಲಿ ಅಳ್ತಾ ಮೆಸೇಜ್ ಮಾಡಿದ್ದು. ಅತ್ತೆ, ಮೇಲ್ನೋರು ಏನಂದ್ರು ಅಂತ ಕೇಳಿದ್ರು. ಏನಂತ ಓದ್ಲಿ? ಸರಿ, ಚುಕ್ಕಿ. ಆಯ್ತು ಹೋಗಿ ಅಂದಂಗೆ! ಹಸು, ಅಂಗಳ ಎಲ್ಲಾ ನಂಜಪ್ಪನೇ ನೋಡ್ಕೊಂಡ್ರು ಅನ್ಕೊಂಡ್ವಿ ನಾವು."

ಗೌರಮ್ಮ ಡಬರಿಯ ಮುಚ್ಚಳ ತೆಗೆದು ನೋಡಿದರು. ಹಿಂಡಿಯ ವಾಸನೆ ಎದ್ದಿತು. "ಪಾತ್ರೆ ಒಂದ್ ಕಿತಾನೂ ಬರಿದಾಗಿ ಕಳ್ಸಿದೋಳಲ್ಲ ನೀನು. ಮೆಸೇಜ್ ಯಾಕಮ್ಮ ಇಂಗೆ ಬರಿದಾಗಿ ಕಳಿಸ್ತೀಯ?" ಅಂದರು.

ಒಂದು ವರ್ಷದಿಂದ ನನ್ನನ್ನು ನೀವು ಅನ್ನುತ್ತಿದ್ದವರು ಆ ದಿನ ನೀನು ಅಂದರು. ನಾನು ಕರಡಿನ ಹಾಳೆ ಬಿಡಿಸಿ ತೋರಿಸಿದೆ. ಪುಟದ ತುಂಬ ಕೆಂಪು ಗೀರು, ತುದಿಯಲ್ಲಿ "ಸರಿ." ಮತ್ತು ನನ್ನ ಸಹಿ. ಆ ಪದ ಬರೆದರೆ ಹೊಣೆ ನಂದು ಅಂತ ಅರ್ಥ, ಅದನ್ನು ಬರೆದು ರಜೆ ಹಾಕಿ ಮನೆಗೆ ಬಂದೆ, ಅಂದೆ. ಲತಾ ಬೆಳ್ಳುಳ್ಳಿ ಕೆಳಗಿಟ್ಟಳು.

ಗೌರಮ್ಮ ಹಾಳೆ ನೋಡಲಿಲ್ಲ, ನೋಡಿದರೂ ಅವರಿಗೆ ತಿಳಿಯುತ್ತಿರಲಿಲ್ಲ. ಹಸುವಿನ ಕಡೆ ನೋಡುತ್ತಿದ್ದರು. "ಆ ಅಗ್ಗ ನೀನ್ ಕಟ್ಟಿದ್ದಾ?"

"ಹೌದ್ರಿ. ಬಿಚಗೊಂಡು ಹೋಗಿತ್ತು."

"ಅದೇ ನಾ ಬಂದ್ ದಿನಾನೇ ನೋಡ್ದೆ. ಇದು ನಮ್ ಕಡೆ ಗಂಟಲ್ಲ, ನಂಜಪ್ಪಂದೂ ಅಲ್ಲ, ಯಾರ್ ಕಟ್ಟಿದ್ರು ಅಂತ." ಅದು ನಮ್ಮಪ್ಪ ಎತ್ತುಗಳಿಗೆ ಹಾಕುತ್ತಿದ್ದ ಗಂಟು, ಒಂದು ತುದಿ ಎಳೆದರೆ ಬಿಚ್ಚಿಕೊಳ್ಳುವಂಥದ್ದು. ಗೌರಮ್ಮ ಲತಾಳ ಫೋನನ್ನು ತೆಗೆದು ನನ್ನ ಮಡಿಲಿಗೆ ಹಾಕಿದರು. "ತಗೊ. ನಿನ್ ಮೆಸೇಜ್ ನೀನೇ ಓದು. ಇಷ್ಟ್ ದಿನ ಇವಳ ಬಾಯಲ್ಲೇ ಕೇಳಿದ್ದು ನಾನು."

ನಾನು ಮೊದಲಿನಿಂದ ಓದತೊಡಗಿದೆ, ನನ್ನದೇ ರಾಗದಲ್ಲಿ. "ಮೇಲೆ ನೀರು ಬಂದಿಲ್ಲ" ಅನ್ನುವುದು ನನ್ನ ಬಾಯಲ್ಲಿ "ಮ್ಯಾಲೆ ನೀರ್ ಬಂದಿಲ್ರೀ" ಆಯಿತು. "ಇಂದು ಬರುವುದು ತಡವಾಗುತ್ತದೆ" ಓದಿದಾಗ ಗೌರಮ್ಮ ತಡೆದರು. "ಏಯ್ ಲತಾ, ಇದನ್ನ ನೀನು ಗೇಟ್ ಹಾಕಿದ್ರೆ ನೋಡ್ಕೊತೀನಿ ಅನ್ನಂಗೆ ಓದಿದ್ಯಲ್ಲೇ!"

"ಚುಕ್ಕಿ ಇತ್ತಲ್ಲ ಅತ್ತೆ!" ಅಂದಳು ಲತಾ. ಅವಳಿಗೂ ನಗು ಬಂತು. ಒಂದು ವರ್ಷದ ನೀರು, ಮೋಟರು, ಪಾತ್ರೆ ಎಲ್ಲವನ್ನೂ ಮತ್ತೆ ಓದಿದೆ. ಗೌರಮ್ಮ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು, "ಸಾಕು ಕಣಮ್ಮ, ನಗುಸ್ಬೇಡ, ನೋಯ್ತದೆ" ಅನ್ನುತ್ತಲೇ ಇನ್ನೊಂದು ಓದು ಅನ್ನುತ್ತಿದ್ದರು. ಕೊನೆಗೆ ಆಪರೇಷನ್ ದಿನದ ಮೆಸೇಜ್ ಬಂತು. ಆ ಎರಡು ಅಕ್ಷರ ಓದಲು ನನಗೆ ಆಗಲಿಲ್ಲ. ಗೌರಮ್ಮ ನನ್ನ ಬೆನ್ನ ಮೇಲೆ ಕೈಯಿಟ್ಟು, "ಓಗ್ಲಿ ಬುಡು. ಕೇಳಿಸ್ತು" ಅಂದರು. ಸಂಬಂಧಿಕರ ಮಾತು ಅಲ್ಲಿಗೆ ಮುಗಿಯಿತು. ಆ ಸಂಬಂಧಿಕರು ಯಾರು ಅಂತ ನಾನು ಇವತ್ತಿಗೂ ಕೇಳಿಲ್ಲ.

ಅಂದಿನಿಂದ ನನ್ನ ಹಟ ಬಿಟ್ಟೆ. ಲತಾಳ ಹತ್ತಿರ ಕೂತು ಕಲಿತೆ. ಯಾವಾಗ ಎರಡು ಚುಕ್ಕಿ, ಯಾವಾಗ ಮೂರು, ಯಾವ ಮಾತಿನ ಕೊನೆಗೆ ನಗುವ ಮುಖ ಹಾಕದಿದ್ದರೆ ಅಪಾರ್ಥವಾಗುತ್ತದೆ, ಎಲ್ಲ. ಮೊದಮೊದಲು ಚುಕ್ಕಿ ಇಡದೆ ಕಳಿಸುವಾಗ ಸೆರಗು ಸರಿಮಾಡಿಕೊಳ್ಳದೆ ಬೀದಿಗೆ ಹೋದ ಹಾಗೆ ಅನ್ನಿಸುತ್ತಿತ್ತು. ಆಮೇಲೆ ಕೈ ಕುದುರಿತು. ಆಫೀಸಿನಲ್ಲಿ ಮಾತ್ರ ಮೊದಲಿನ ಹಾಗೆಯೇ.

ಕಲಿತ ಹುಮ್ಮಸ್ಸಿನಲ್ಲಿ ಅಕ್ಕನಿಗೂ ಒಂದು ಬರೆದೆ: "ಅಕ್ಕಾ... ನಾನು ಆರಾಮ ಇದ್ದೀನಿ..." ಎರಡೇ ನಿಮಿಷಕ್ಕೆ ಫೋನ್ ಬಂತು. ಸುಮಿತ್ರಕ್ಕ ಅಳುತ್ತಿದ್ದಳು.

"ಶಾಂತೀ, ಏನಾಗೇತವಾ? ಖರೇ ಹೇಳು."

"ಏನೂ ಆಗಿಲ್ಲಕ್ಕಾ, ಆರಾಮ ಅದೀನಿ ಅಂತ ಬರದೀನಲ್ಲ."

"ಬರದು ಮುಂದ ಮೂರು ಚುಕ್ಕಿ ಬಿಟ್ಟೀಯಲ್ಲ! ಹೇಳಾಕ ಆಗದ್ದು ಏನೈತಿ ಅದರಾಗ? ನಿಮ್ಮ ಮಾವ ಆಗಲೇ ಟೇಶನ್ನಿಗೆ ಹೊಂಟಾರ."

ಮಾವನನ್ನು, ಅಂದರೆ ಅಕ್ಕನ ಗಂಡನನ್ನು, ಅರ್ಧ ದಾರಿಯಿಂದ ತಿರುಗಿ ಕರೆಸುವಷ್ಟರಲ್ಲಿ ಸಾಕುಸಾಕಾಯಿತು. ಆ ಮೇಲೆ ಅಕ್ಕನಿಗೆ ಬರೆಯುವಾಗ ಒಂದೇ ಚುಕ್ಕಿ, ಗಟ್ಟಿಯಾಗಿ. ಕೆಳಗಿನವರಿಗೆ ಬರೆಯುವಾಗ ಮೂರು. ಒಮ್ಮೊಮ್ಮೆ ಅದಲುಬದಲಾಗಿ ಎರಡೂ ಕಡೆಯಿಂದ ಬೈಸಿಕೊಳ್ಳುತ್ತೇನೆ. ಅಕ್ಕನ ಪ್ರಕಾರ ನಾನು ಬೆಂಗಳೂರಿನವಳಾಗಿ ಮೆತ್ತಗಾಗಿದ್ದೇನೆ. ಲತಾಳ ಪ್ರಕಾರ ನನ್ನ ಗದಗು ಇನ್ನೂ ಬಿಟ್ಟಿಲ್ಲ.

ಐದು ವರ್ಷವಾಯಿತು. ಹಸು ಈಗಿಲ್ಲ, ಆ ಜಾಗದಲ್ಲಿ ಲತಾಳ ಸ್ಕೂಟರ್ ನಿಲ್ಲುತ್ತದೆ. ಕಳೆದ ವಾರ ಗದಗಿಗೆ ಹೋಗಿ ಬಂದೆ. ಹೋಗುವಾಗ ಹುಬ್ಬಳ್ಳಿ ದಾಟಿದ ಮೇಲೆ ಅಕ್ಕನಿಗೆ ಬರೆದಿದ್ದೆ: "ಮನೆಗೆ ಬರುತ್ತಿದ್ದೇನೆ." ನಾಲ್ಕು ದಿನ ಇದ್ದು, ಅಕ್ಕನ ಕೈಯ ರೊಟ್ಟಿ ತಿಂದು, ಅವಳು ಕಣ್ಣೊರೆಸಿಕೊಳ್ಳುವುದನ್ನು ನೋಡಲಾಗದೆ ರೈಲು ಹತ್ತಿ ಆಚೆ ಬದಿಯ ಕಿಟಕಿಗೆ ಮುಖ ಮಾಡಿ ಕೂತೆ. ಬೆಳಿಗ್ಗೆ ತುಮಕೂರು ದಾಟಿದಾಗ ಲತಾಳಿಗೆ ಬರೆದೆ: "ಮನೆಗೆ ಬರ್ತಾ ಇದ್ದೀನಿ..." ಕಳಿಸಿದ ಮೇಲೆ ಎರಡು ಮೆಸೇಜುಗಳನ್ನೂ ಒಂದರ ನಂತರ ಒಂದು ತೆಗೆದು ನೋಡಿದೆ. ಕರಡು ತಿದ್ದುವವಳ ಕಣ್ಣು. ಎರಡರಲ್ಲಿ ಒಂದು ತಪ್ಪಿರಬೇಕು ಅಂತ ಹುಡುಕಿತು. ಸಿಗಲಿಲ್ಲ.

ಯಶವಂತಪುರ ಹತ್ತಿರ ಬರುವಾಗ ಉತ್ತರ ಬಂತು. ಲತಾಳ ನಂಬರಿನಿಂದಲೇ, ಆದರೆ ಕನ್ನಡ ಅಕ್ಷರದಲ್ಲಿ. "ಸರಿ."

ನಾನು ಗಾಬರಿಯಾದೆ. ಏನು ತಪ್ಪು ಮಾಡಿದೆ ಅಂತ ಹಿಂದಿನ ನಾಲ್ಕು ದಿನವನ್ನು ಮನಸ್ಸಿನಲ್ಲೇ ತಿರುವಿ ಹಾಕುತ್ತಿರುವಾಗ ಅದರ ಕೆಳಗೆ ಇನ್ನೊಂದು ಬಂದು ಕೂತಿತು. "ಆಂಟಿ ಅದು ಅತ್ತೆ ಹೇಳಿ ಬರೆಸಿದ್ದು... ಚುಕ್ಕಿ ಮರೀಬೇಡ ಅಂತ ಪಕ್ಕದಲ್ಲೇ ಕೂತಿದ್ರು... ಸೊಪ್ಪಿನ ಸಾರಿಗೆ ಇಟ್ಟಿದಾರೆ..."